ಸಿದ್ದಿ ಮರ್ಜಾನ್

ಬೀದರಿನ ಕೋಟೆಯೆಂದೊಡನೆ ಬಹಮನಿ ಸುಲ್ತಾನರು ನೆನಪಾಗುತ್ತಾರೆ. ಅದಕ್ಕಾಗಿ ಪ್ರಾಣತೆತ್ತ ಕಿಲ್ಲೇದಾರ ಸಿದ್ದಿ ಮರ್ಜಾನನನ್ನು ನೆನೆಯುವವರು ವಿರಳ. ಅಬಿಸೀನಿಯ ಮೂಲದ ಈತನು ಬಿಜಾಪುರದ ಆದಿಲಶಾಹಿಗಳ ಪರವಾಗಿ ಸುಮಾರು 30 ವರ್ಷ ಆ ಕೋಟೆಯನ್ನು ಕಾಯ್ದನು.

1657ರ ಮಾರ್ಚ್ ತಿಂಗಳಲ್ಲಿ ಮೊಗಲ್ ರಾಜಕುಮಾರ ಔರಂಗಜೇಬನು ಮೀರ್ ಜುಮ್ಲಾನೊಡನೆ ಬಂದು ಕೋಟೆಯನ್ನು ಮುತ್ತಿದನು. ಮರ್ಜಾನನ ಬಳಿ ಇದ್ದುದು ಸುಮಾರು 1,000 ಕುದುರೆ ಸವಾರರು, 4,000 ಕಾಲಾಳುಗಳು. ಆದರೂ ಅವನು ಬಾಗಿಲಿಕ್ಕಿ ಕುಳಿತವನಲ್ಲ. ಪದೇ ಪದೇ ಹೊರನುಗ್ಗಿ ಶತ್ರುಗಳ ಕಂದಕಗಳ ಮೇಲೆರಗಿದನು. ಫಿರಂಗಿಗಳು ಬುರುಜುಗಳನ್ನು ಕೆಡಹಿದವು. ಕಡೆಗೆ ಅವನನ್ನು ಕೆಡಹಿದ್ದು ಒಂದು ಕಿಡಿ: ಅದು ಮದ್ದಿನ ಸಂಗ್ರಹಕ್ಕೆ ತಗುಲಿ ಸಿಡಿಯಲು, ಇಬ್ಬರು ಮಕ್ಕಳೊಡನೆ ಅವನೂ ಸುಟ್ಟು ಬೆಂದನು. ಆ ಗೊಂದಲದಲ್ಲಿ ಮೊಗಲರು ಒಳನುಗ್ಗಿದರು.

ಮುತ್ತಿಗೆ 27 ದಿನಗಳಲ್ಲಿ ಮುಗಿಯಿತು. ಮರಣಶಯ್ಯೆಯಲ್ಲಿದ್ದ ಮರ್ಜಾನನು ಕೋಟೆಯ ಬೀಗದ ಕೈಗಳನ್ನು ತನ್ನ ಮಕ್ಕಳ ಮೂಲಕವೇ ಔರಂಗಜೇಬನಿಗೆ ಕಳುಹಿಸಿಕೊಟ್ಟನು. ಒಳಗೆ ಗೆದ್ದವರಿಗೆ ದೊರೆತುದು 12 ಲಕ್ಷ ರೂಪಾಯಿ ನಗದು, 230 ಫಿರಂಗಿಗಳು.