ಲೂಯಿ ಪಾಸ್ಚರನೂ ಎರಡು ಬಗೆಯ ಹರಳುಗಳೂ

ನಮ್ಮ ಎರಡು ಕೈಗಳನ್ನು ಎದುರೆದುರಾಗಿ ಜೋಡಿಸಿದರೆ ಬೆರಳಿಗೆ ಬೆರಳು ಸರಿಹೋಗುವುದು. ಆದರೆ ಬಲಗೈಯ ಗವಸನ್ನು ಎಡಗೈಗೆ ತೊಡಿಸಲಾರೆವು. ಸೃಷ್ಟಿಯ ಅತಿ ಸೂಕ್ಷ್ಮವಾದ ಅಣುಗಳಲ್ಲಿಯೂ ಇಂಥ ಎಡಬಲಗಳ ಭೇದವುಂಟೆಂಬುದಕ್ಕೆ ದಾರಿ ತೋರಿಸಿದವನು ಲೂಯಿ ಪಾಸ್ಚರನು. ಹುಚ್ಚುನಾಯಿಯ ಕಡಿತಕ್ಕೆ ಲಸಿಕೆಯನ್ನು ಕಂಡುಹಿಡಿದವನೆಂದು ಆತನನ್ನು ನಾವೆಲ್ಲರೂ ಬಲ್ಲೆವು. ಆತನ ಈ ಮೊದಲ ಶೋಧನೆಯನ್ನು ಬಲ್ಲವರು ಕಡಿಮೆ.

ಆತನು 1822ನೆಯ ಇಸವಿ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ ಜನಿಸಿದನು. ತಂದೆಯು ನೆಪೋಲಿಯನನ ಸೈನ್ಯದಲ್ಲಿ ದುಡಿದು ಬಂದು, ಚರ್ಮ ಹದಮಾಡಿ ಜೀವಿಸುತ್ತಿದ್ದನು. ಬಾಲಕನಾದ ಲೂಯಿಯು ಪಾಠಗಳಲ್ಲಿ ಅಷ್ಟೇನೂ ಮುಂದಾಗಿರಲಿಲ್ಲ. ಚಿತ್ರ ಬರೆಯುವುದರಲ್ಲಿ ಮಾತ್ರ ನಿಪುಣನಾಗಿದ್ದನು. ಕಂಡದ್ದನ್ನು ಕಂಡಂತೆ ಬರೆಯುವ ಆ ಕಣ್ಣೇ ಮುಂದೆ ಆತನಿಗೆ ನೆರವಾಯಿತೆಂದು ನಾವು ಭಾವಿಸುತ್ತೇವೆ.

ದ್ರಾಕ್ಷಾರಸದ ಪೀಪಾಯಿಗಳಲ್ಲಿ ಕಟ್ಟುವ ಗಷ್ಟಿನಿಂದ ಟಾರ್ಟಾರಿಕ್ ಆಮ್ಲವು ದೊರೆಯುವುದು. ಒಂದೇ ತಲದಲ್ಲಿ ಕಂಪಿಸುವ ಬೆಳಕು ಅದರ ದ್ರಾವಣದ ಮೂಲಕ ಹಾಯ್ದರೆ ಬಲಕ್ಕೆ ತಿರುಗುವುದು. ಅದೇ ಮೂಲವಸ್ತುಗಳಿಂದ ಅದೇ ಪ್ರಮಾಣದಲ್ಲಿ ಆದ ರಾಸಿಮಿಕ್ ಆಮ್ಲವಾದರೋ ಬೆಳಕನ್ನು ತಿರುಗಿಸದು. ಇವೆರಡರ ಲವಣಗಳ ಹರಳುಗಳು ಒಂದೇ ರೂಪದವೆಂದು ಜರ್ಮನಿಯ ಪಂಡಿತನಾದ ಮಿಚರ್ಲಿಖನು ಬರೆದಿದ್ದನು. 1848ರಲ್ಲಿ, ಇನ್ನೂ ಇಪ್ಪತ್ತೈದು ವರುಷದವನಾಗಿದ್ದ ಪಾಸ್ಚರನು ರಾಸಿಮಿಕ್ ಲವಣದ ಹರಳುಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಕೆಲವುಗಳ ಒಂದು ಸಣ್ಣ ಮುಖವು ಬಲಕ್ಕೂ ಕೆಲವುಗಳದು ಎಡಕ್ಕೂ ಇದ್ದಿತು. ಒಂದು ಬಗೆಯು ಮತ್ತೊಂದರ ಕನ್ನಡಿಯ ಪ್ರತಿಬಿಂಬದಂತಿತ್ತು. ಅವನ್ನು ಕೈಯಿಂದ ಆರಿಸಿ ಬೇರ್ಪಡಿಸಿ ಕರಗಿಸಲು, ಒಂದು ದ್ರಾವಣವು ಬೆಳಕನ್ನು ಬಲಕ್ಕೂ ಮತ್ತೊಂದು ಎಡಕ್ಕೂ ತಿರುಗಿಸಿತು. ಸಮವಾಗಿ ಬೆರಸಿದಾಗ ಬೆಳಕು ತಿರುಗಲಿಲ್ಲ.

ವೃದ್ಧ ವಿದ್ವಾಂಸನಾದ ಬಿಯೋ ಇದನ್ನು ಸುಲಭವಾಗಿ ನಂಬಲಿಲ್ಲ. ತನ್ನ ಸಾಮಗ್ರಿಗಳನ್ನೇ ಕೊಟ್ಟು, ತನ್ನೆದುರಿನಲ್ಲಿಯೇ ಪ್ರಯೋಗವನ್ನು ಮಾಡಿಸಿದನು. ಎಡಬಗೆಯ ಹರಳಿನ ದ್ರಾವಣವು ಬೆಳಕನ್ನು ಎಡಕ್ಕೆ ತಿರುಗಿಸಿದ್ದನ್ನು ತಾನೇ ಕಂಡು, ಸಂತೋಷದಿಂದ ತರುಣನ ತೋಳನ್ನು ಹಿಡಿದುಕೊಂಡನು.

ಕೆಲವು ವರುಷಗಳ ತರುವಾಯ, ಒಂದು ಬೂಷ್ಟು ಬಲಬಗೆಯ ಆಮ್ಲವನ್ನೇ ತಿಂದು ಎಡಬಗೆಯದನ್ನು ಉಳಿಸುವುದನ್ನು ಪಾಸ್ಚರನು ಕಂಡನು. ಜೀವವು ಎಡಬಲಗಳನ್ನು ಬಲ್ಲದು! ನಮ್ಮ ದೇಹದ ಪ್ರೋಟೀನುಗಳು ಎಡಬಗೆಯ ಅಮೈನೊ ಆಮ್ಲಗಳಿಂದಲೇ ಕಟ್ಟಲ್ಪಟ್ಟಿವೆ. ಗ್ಲೈಸಿನ್ ಒಂದಕ್ಕೆ ಮಾತ್ರ ಎಡಬಲಗಳಿಲ್ಲ. ಔಷಧಗಳಲ್ಲಿಯೂ ಒಂದು ಬಗೆಯು ಗುಣಮಾಡಿದರೆ ಅದರ ಪ್ರತಿಬಿಂಬವು ನಿಷ್ಫಲವೋ ಹಾನಿಕರವೋ ಆಗಬಹುದು. ಜೀವವು ಹೀಗೆ ಒಂದೇ ಬಗೆಯನ್ನು ಆರಿಸಿಕೊಂಡುದೇಕೆಂಬುದು ಇಂದಿಗೂ ಬಗೆಹರಿದಿಲ್ಲ.

1849ರಲ್ಲಿ ಆತನು ಮರೀ ಲೊರಾಂ ಎಂಬಾಕೆಯನ್ನು ವಿವಾಹವಾದನು. ಆತನು ಹೇಳಿದ್ದನ್ನು ಬರೆದುಕೊಳ್ಳುತ್ತಾ ಆಕೆಯು ಕಡೆಯವರೆಗೂ ಆತನ ಕೆಲಸದಲ್ಲಿ ಸಹಭಾಗಿನಿಯಾಗಿದ್ದಳು. ಐವರು ಮಕ್ಕಳಲ್ಲಿ ಮೂವರು ಹೆಣ್ಣುಮಕ್ಕಳು ಎಳೆಯ ಪ್ರಾಯದಲ್ಲಿ ತೀರಿಕೊಂಡರು. ಅವರಲ್ಲಿ ಇಬ್ಬರನ್ನು ಕೊಂಡೊಯ್ದದ್ದು ವಿಷಮಶೀತಜ್ವರ. 1868ರಲ್ಲಿ ಪಾಸ್ಚರನ ಎಡಭಾಗಕ್ಕೆ ಪಾರ್ಶ್ವವಾಯು ತಗಲಿತು. ಆದರೂ ಆತನು ಎದೆಗುಂದದೆ ರೋಗಗಳ ಕಾರಣವನ್ನು ಹುಡುಕಿದನು. 1885ರಲ್ಲಿ ಹುಚ್ಚುನಾಯಿ ಕಡಿದ ಜೋಸೆಫ್ ಮೈಸ್ಟರ್ ಎಂಬ ಬಾಲಕನಿಗೆ ಲಸಿಕೆ ಕೊಡಿಸಿದನು, ಬಾಲಕನು ಬದುಕಿದನು. ಪಾಸ್ಚರನು 1895ನೆಯ ಸೆಪ್ಟೆಂಬರ್ 28ರಂದು ದೈವಾಧೀನನಾದನು.

ಪಂಡಿತರು ಒಂದೇ ಎಂದು ಬಿಟ್ಟ ಹರಳುಗಳನ್ನು ಆತನು ಮತ್ತೊಮ್ಮೆ ನೋಡಿದನು. ನಮ್ಮ ಹೆಣ್ಣುಮಕ್ಕಳೂ ತಾಳ್ಮೆಯಿಂದ ಹೀಗೆ ನೋಡುವುದನ್ನು ಕಲಿಯಲೆಂಬುದೇ ನಮ್ಮ ಹಾರೈಕೆ.