ಗಡಿಯಾರ ಬಿಟ್ಟು ಮೌತ್ ಆರ್ಗನ್ ಹಿಡಿದ ಹೋನರ್

ಮಾಕಳಿ ಕಡೆಯ ನಮಗೆ ವಾಚು ಅಂದ್ರೆ ಜಾಲಹಳ್ಳಿಯ ಎಚ್‌ಎಂಟಿ ನೆನಪಾಗುತ್ತೆ. ಮೌತ್ ಆರ್ಗನ್ನನ್ನು ಜಗತ್ತಿಗೆಲ್ಲ ಹಂಚಿದ ಮಥಿಯಾಸ್ ಹೋನರ್ ಕೂಡ ಮೊದಲು ಗಡಿಯಾರದ ಕೆಲಸದವರೇ. ಹುಟ್ಟಿದ್ದು 1833ರಲ್ಲಿ, ಜರ್ಮನಿಯ ಟ್ರೋಸಿಂಗನ್ ಊರಲ್ಲಿ. ಅಲ್ಲಿ ಕ್ರಿಸ್ಟಿಯನ್ ಮೆಸ್ನರ್ ಆಗಲೇ ಮೌತ್ ಆರ್ಗನ್ ತಯಾರಿಸುತ್ತಿದ್ದರು. ಆ ಕೆಲಸ ನೋಡಿ ಕಲಿತ ಹೋನರ್ 1857ರಲ್ಲಿ ಸ್ವಂತಕ್ಕೆ ಶುರು ಮಾಡಿದರು. ಜೊತೆಗೆ ಹೆಂಡತಿ ಮತ್ತು ಒಬ್ಬ ಕೆಲಸಗಾರ ಅಷ್ಟೇ. ಮೊದಲ ವರ್ಷ ತಯಾರಾದದ್ದು 650.

ಆಮೇಲೆ ಯಂತ್ರಗಳು ಬಂದವು, ಸರಕು ಅಮೆರಿಕಕ್ಕೂ ಹೋಯಿತು. 1896ರಲ್ಲಿ ಬಂದ 'ಮರೀನ್ ಬ್ಯಾಂಡ್'ನಲ್ಲಿ ಹತ್ತು ತೂತು, ಇಪ್ಪತ್ತು ಹಿತ್ತಾಳೆ ರೀಡು. 1900ರಲ್ಲಿ ಕಾರ್ಖಾನೆಯನ್ನು ಮಕ್ಕಳಿಗೆ ಒಪ್ಪಿಸಿ, 1902ರಲ್ಲಿ ತೀರಿಕೊಂಡರು.

ಯಂತ್ರ ಬೆಲೆ ಇಳಿಸಿತು. ಅದಕ್ಕೇ ಇರಬೇಕು, ಒಂದು ಸ್ವರ ಕೆಟ್ಟರೆ ನಾವು ಇಡೀ ವಾದ್ಯವನ್ನೇ ಎಸೆದುಬಿಡ್ತೀವಿ. ಆದರೆ ರೀಡು ಅಂದ್ರೆ ನಾವು ಕ್ಲಾಸಲ್ಲಿ ಓದುವ ಕ್ಯಾಂಟಿಲಿವರೇ. ತುದಿಯಲ್ಲಿ ಚೂರು ಕೆರೆದರೆ ತೂಕ ಕಮ್ಮಿಯಾಗಿ ಸ್ವರ ಏರುತ್ತೆ. ಬುಡದಲ್ಲಿ ಕೆರೆದರೆ ಬಿಗಿ ಕಮ್ಮಿಯಾಗಿ ಇಳಿಯುತ್ತೆ. ರೀಡಿನಡಿ ತೆಳು ತಗಡು ಕೊಟ್ಟು, ಎರಡೆಳೆ ಕೆರೆದು, ಊದಿ ನೋಡಬೇಕು. ಜಾಸ್ತಿ ಕೆರೆದರೆ ರೀಡು ಸೊರಗುತ್ತೆ. ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು.

ಗಡಿಯಾರ ರಿಪೇರಿಗೆ ಬೇಕಾದ ತಾಳ್ಮೆಯೂ ಇದೇ. ಆ ಕಸುಬಿನಿಂದ ಬಂದ ಹೋನರ್ ವಾದ್ಯವನ್ನು ಬಿಚ್ಚಿ ನೋಡೋಣ. ಎಸೆಯೋದು ಕೊನೆಯ ಮಾತು.