ಬಳಲಿಕೆ ನೀಗಿದ ದಾನ

ಚಾಲುಕ್ಯ ಸೇನಾನಿ ನಾಗದೇವನು ಮಡಿದಾಗ, ಅವನ ಇನ್ನೊಬ್ಬ ಪತ್ನಿ ಗುಂಡಮಬ್ಬೆ ಸಹಗಮನ ಮಾಡಿದಳು. ಪತಿಯನ್ನೂ ಒಡಹುಟ್ಟಿದ ತಂಗಿಯನ್ನೂ ಒಟ್ಟಿಗೆ ಕಳೆದುಕೊಂಡ ಅತ್ತಿಮಬ್ಬೆಗೆ ಉಳಿದವನು ಎಳೆಯ ಮಗ ಅಣ್ಣಿಗದೇವ. ಕಳೆದುದನ್ನೇ ನೆನೆದು ಕೊರಗುವುದು ಆರ್ತಧ್ಯಾನ. ಅದು ಜೀವವನ್ನು ಬಳಲಿಸಿ ಕರ್ಮವನ್ನು ಬಿಗಿಯುತ್ತದೆ ಎನ್ನುತ್ತದೆ ಜಿನಧರ್ಮ. ಅತ್ತಿಮಬ್ಬೆ ಧರ್ಮಧ್ಯಾನದತ್ತ ತಿರುಗಿದಳು. ವ್ರತನಿಯಮಗಳಲ್ಲಿ ಮನವನ್ನು ನೆಲೆಗೊಳಿಸಿ, ಮಗನನ್ನು ಬೆಳೆಸುತ್ತ, ಕೈಯೆತ್ತಿ ದಾನಗೈದಳು. ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿದಳು. ಆಕೆಯ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ರಚಿಸಿದನು. ಲಕ್ಕುಂಡಿಯ ಬ್ರಹ್ಮಜಿನಾಲಯವೂ ಆಕೆ ಕಟ್ಟಿಸಿದ್ದೇ. ಅಲ್ಲಿನ ಶಾಸನ 1007ರದು. ದುಃಖ ಅಳಿಯಲೆಂದು ಆಕೆ ಕಾಯಲಿಲ್ಲ. ದುಃಖದ ನಡುವೆಯೇ ಕೊಟ್ಟಳು. ಕೊಟ್ಟಂತೆಲ್ಲ ಚೈತನ್ಯ ಮರಳಿತು. ಲೋಕ ಆಕೆಯನ್ನು ದಾನಚಿಂತಾಮಣಿ ಎಂದು ಕರೆಯಿತು.